ಬೆರಳು ಜಾರಿದ ಹಾಡು

ನನ್ನ ಅಕ್ಕನ ಗಂಡ ವಾರವೆಲ್ಲ ಲಿಫ್ಟ್ ರಿಪೇರಿ ಮಾಡುತ್ತಾರೆ; ಭಾನುವಾರ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಾರೆ. ಎರಡೂ ಒಂದೇ ಜಾತಿಯ ಕೆಲಸ. ಸರಿಯಾಗಿ ನಡೆಯುತ್ತಿರುವಾಗ ಯಾರೂ ಗಮನಿಸುವುದಿಲ್ಲ, ನಿಂತರೆ ಮಾತ್ರ ಎಲ್ಲರೂ ತಲೆಯೆತ್ತಿ ನೋಡುತ್ತಾರೆ.

ಬ್ಯಾಂಡಿನಲ್ಲಿ ಗಿಟಾರ್ ಹಿಡಿದು ಹಾಡುವವರು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲೇ, ಹುಳುಕು ಹಲ್ಲಿನ ಚಿತ್ರಗಳ ಕೆಳಗೆ ಅಭ್ಯಾಸ. ಡ್ರಮ್ಸಿಗೆ ಶಾಲಾ ಬಸ್ಸಿನ ಡ್ರೈವರ್. ವಾರವಿಡೀ ಮಕ್ಕಳ ಗಲಾಟೆ ಕೇಳಿದವರಿಗೆ ಸೇಡು ತೀರಿಸಿಕೊಳ್ಳಲು ಒಂದು ಜಾಗ ಬೇಕಲ್ಲ. ಹಿಂದೆ ನಾನೂ ಗಿಲಕಿ ಆಡಿಸುತ್ತಿದ್ದೆ. ತಾಳಕ್ಕೂ ನನಗೂ ಎಣ್ಣೆ ಸೀಗೇಕಾಯಿ ಎಂದು ಗೊತ್ತಾದ ಮೇಲೆ, ಶ್ರೋತೃವಾಗಿ ಬಡ್ತಿ ಕೊಟ್ಟು ಮೂಲೆಯ ಕುರ್ಚಿಯಲ್ಲಿ ಕೂರಿಸಿದರು.

ಈ ಬ್ಯಾಂಡಿಗೊಂದು ಪದ್ಧತಿಯಿದೆ. ಹೊಸ ರಾಗ ಕಟ್ಟಿದವರು ಹಾಗೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಮಿಕ್ಕವರು ತಿಂಗಳುಗಟ್ಟಲೆ ಕಾಲೆಳೆಯುತ್ತಾರೆ. ಅದಕ್ಕೇ ತಂತಿ ಶ್ರುತಿ ಮಾಡುವ ನೆಪದಲ್ಲಿ ಅದನ್ನು ನುಡಿಸಿ, "ಸಾರಿ, ಬೆರಳು ಜಾರಿತು" ಎನ್ನಬೇಕು. ಇನ್ನೊಬ್ಬರಿಗೆ ಹಿಡಿಸಿದರೆ, "ತಡೀರಿ, ಅದನ್ನೇ ಇನ್ನೊಮ್ಮೆ" ಎನ್ನುತ್ತಾರೆ. ಹಿಡಿಸದಿದ್ದರೆ ಬೆರಳು ಜಾರಿದ್ದೇ ನಿಜವಾಗುತ್ತದೆ, ಮರ್ಯಾದೆ ಉಳಿಯುತ್ತದೆ.

ಈ ವರ್ಷ ಅವರ ಒಂದು ಹಾಡು ಜನರಿಗೆ ಭಾರಿ ಹಿಡಿಸಿತು. ಅದನ್ನು ಇಂಟರ್ನೆಟ್ಟಿಗೆ ಹಾಕುವಾಗ ಡಾಕ್ಟರು ಸಾಹಿತ್ಯ, ಸಂಗೀತ ಎರಡರ ಮುಂದೆಯೂ ತಮ್ಮ ಹೆಸರನ್ನೇ ಬರೆದರು. ಭಾವನ ಮುಖ ಎರಡು ಮಹಡಿಗಳ ಮಧ್ಯೆ ಸಿಕ್ಕಿಕೊಂಡ ಲಿಫ್ಟಿನಂತಾಯಿತು.

"ಡಾಕ್ಟ್ರೇ, ರಾಗ ನಂದು."

"ನಿಮ್ದಾ? ಅವತ್ತು ನೀವೇ ಸಾರಿ ಅಂದ್ರಲ್ಲ. ನಾನು ತಡೀರಿ ಅನ್ನದೇ ಇದ್ದಿದ್ರೆ ಅದು ಅಲ್ಲೇ ಸತ್ತು ಹೋಗ್ತಿತ್ತು."

"ಸಾರಿ ಅನ್ನೋದು ನಮ್ಮ ಪದ್ಧತಿ ಅಲ್ವಾ? ಲಿಫ್ಟಿನ ನೆತ್ತಿ ಮೇಲೆ ಕೂತು ಗುನುಗಿ ಗುನುಗಿ ಕಟ್ಟಿದ್ದು ಅದು."

"ಬೆರಳು ಜಾರಿದ್ದನ್ನೆಲ್ಲ ಸಾಧನೆ ಅನ್ನೋದಾದ್ರೆ, ನನ್ನ ಕಸುಬಲ್ಲಿ ಪೊಲೀಸರು ಬರ್ತಾರೆ."

ಇಬ್ಬರೂ ಸಾಕ್ಷಿಗೆಂದು ನನ್ನ ಕಡೆ ತಿರುಗಿದರು. ಬೆರಳು ಜಾರಿದ ಆ ಭಾನುವಾರ ನಾನು ಹಲ್ಲುಜ್ಜುವ ಸರಿಯಾದ ವಿಧಾನದ ಕರಪತ್ರ ಓದುತ್ತಿದ್ದೆ. ಹಾಗೆಂದು ಹೇಳಿದ್ದರಿಂದ ಇದ್ದ ಸ್ವಲ್ಪ ಗೌರವವೂ ಹೋಯಿತು.

ಆಗ ಡ್ರೈವರ್ ಕೋಲು ಕೆಳಗಿಟ್ಟರು. "ಲಿಫ್ಟಣ್ಣ, ಹೋದ ವರ್ಷದ ಹಾಡಿಗೆ ನಿಮ್ಮ ಹೆಸರಿದೆಯಲ್ಲ. ಅದು ಯಾರ ಬೆರಳಿಂದ ಜಾರಿದ್ದು?"

ಭಾವ ಡಾಕ್ಟರನ್ನು ನೋಡಿದರು. ಡಾಕ್ಟರು ತಮ್ಮ ಗಿಟಾರನ್ನು ನೋಡಿಕೊಂಡರು.

"ನಿಮ್ಮ ಬೆರಳು ನಿಜವಾಗ್ಲೂ ಜಾರಿತು ಅಂದ್ಕೊಂಡೇ ನಾನು ತಡೀರಿ ಅಂದಿದ್ದು," ಎಂದರು ಭಾವ. "ಆಗಲೇ ಒಂದು ಮಾತು ಹೇಳ್ಬಾರದಿತ್ತಾ?"

"ಹೇಗ್ರೀ ಹೇಳೋದು? ನಾಚಿಕೆ ಆಗಲ್ವಾ?"

ಹೊಸ ಹಾಡು ಬೇಕೆಂದರೆ ಹಳೆಯದನ್ನು ಬಿಡಬೇಕು, ನ್ಯಾಯ ಅಷ್ಟೇ. ಆದರೆ ಆ ಹಳೆಯ ಹಾಡು ನಮ್ಮ ಅಕ್ಕನ ಆಸ್ತಿ. ಮನೆಗೆ ಬಂದವರು ಅದನ್ನು ಪೂರ್ತಿ ಕೇಳದೆ ಚಪ್ಪಲಿ ಮೆಟ್ಟುವಂತಿರಲಿಲ್ಲ. ಭಾನುವಾರಗಳನ್ನೆಲ್ಲ ನುಂಗಿದ ಗಿಟಾರನ್ನು ಅವಳು ಕ್ಷಮಿಸಿದ್ದೇ ಆ ಒಂದು ಹೆಸರಿಗಾಗಿ. ಭಾವ ಆ ದಿನ ನಮ್ಮ ಬೀದಿಯನ್ನು ಸುಮ್ಮನೆ ಸುತ್ತು ಹಾಕಿ, ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಮನೆಗೆ ಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದರು.

ಅಕ್ಕ ಪಾತ್ರೆ ಒರೆಸುತ್ತಲೇ ಕೇಳಿದಳು. "ನಮ್ಮತ್ತೆಯಿಂದ ಹಿಡಿದು ಹಾಲಿನವರ ತನಕ ಕೇಳಿಸಿದ್ದೀನಲ್ರೀ. ಈಗ ಅವರ ಕಿವಿ ವಾಪಸ್ ಕೊಡೋಕಾಗುತ್ತಾ?"

"ತಪ್ಪಾಯ್ತು ಕಣೇ. ಅದು ಡಾಕ್ಟ್ರದ್ದು."

"ಈಗಿಂದು?"

"ಅದು ನಂದೇ."

"ಸರಿ ಹಾಗಿದ್ರೆ. ಮತ್ತೆ ಮೊದಲಿಂದ ಶುರುಮಾಡ್ಬೇಕು ನಾನು," ಎಂದು ಕೈ ಒರೆಸಿಕೊಂಡು ನನಗೆ ಕುರ್ಚಿ ತೋರಿಸಿದಳು. "ಕೂತ್ಕೋ. ಎಲ್ಲಿಗೆ ಓಡ್ತೀಯ?"

ಫೋನಿನಲ್ಲಿ ಹಾಡು ಶುರುವಾಯಿತು. ಭಾವ ಕಿಟಕಿಯ ಕಡೆ ಮುಖ ಮಾಡಿ, ಕಿವಿ ಕೆಂಪಾಗಿಸಿಕೊಂಡು, ಯಾರದೆಂದು ಯಾರೂ ಕೇಳದಿದ್ದರೂ, "ಇದು ನಾನು ಕಟ್ಟಿದ್ದು," ಎಂದರು.