ಹೊಲಿಗೆ ಮಾಯುವ ತನಕ

ಹೊನ್ನವಳ್ಳಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಒಂದು ಕೆಂದು ಬಣ್ಣದ ಹೆಣ್ಣುನಾಯಿ ಇತ್ತು. ಅದಕ್ಕೆ ಹೆಸರಿಟ್ಟವರಿಲ್ಲ. ನನ್ನ ಅತ್ತೆ ‘ಕೂಸೇ’ ಎನ್ನುತ್ತಿದ್ದರು, ಮಿಕ್ಕವರು ‘ನಾಯಿ’ ಎನ್ನುತ್ತಿದ್ದೆವು. ಎರಡಕ್ಕೂ ಅದು ಬರುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಸಲ ಅದಕ್ಕೆ ಹೆರಿಗೆ ಕಷ್ಟವಾಯಿತು. ಎರಡು ಮರಿ ಸಲೀಸಾಗಿ ಬಂದವು, ಮೂರನೆಯದು ಸಿಕ್ಕಿಕೊಂಡಿತು. ಮಧ್ಯಾಹ್ನದವರೆಗೂ ಮುಕ್ಕಿ ಮುಕ್ಕಿ ಸೋತು, ತೆಂಗಿನ ಮಟ್ಟೆಯ ರಾಶಿಯ ಹಿಂದೆ ಬಿದ್ದುಕೊಂಡಿತ್ತು. ನಮ್ಮ ಯಜಮಾನರು ಸೈಕಲ್ಲಿನಲ್ಲಿ ಹೋಗಿ ದನದ ಡಾಕ್ಟರನ್ನು ಕರೆತಂದರು. ಅವರು ಸತ್ತ ಮರಿಯನ್ನು ತೆಗೆದು, ಕೈ ತೊಳೆಯುತ್ತ, “ಇನ್ನೊಂದು ಸಲ ಗಬ್ಬ ಆದ್ರೆ ಇದು ಉಳಿಯಲ್ಲ. ಮರಿಗಳು ಹಾಲು ಬಿಟ್ಟ ಮೇಲೆ ತಿಪಟೂರಿಗೆ ಕರ್ಕೊಂಡು ಬನ್ನಿ, ಗರ್ಭಕೋಶ ತೆಗೆದುಬಿಡ್ತೀನಿ” ಎಂದರು. ಆಮೇಲೆ, “ನಾಯಿಗೆ ಮಾಡಿದ್ದು ಕಾಲೇಜಲ್ಲಿ ಓದುವಾಗ ಮಾತ್ರ. ಆದ್ರೂ ಮಾಡ್ತೀನಿ” ಎಂದೂ ಹೇಳಿದರು. ಮುಚ್ಚಿಡದೆ ಹೇಳಿದ್ದಕ್ಕೋ ಏನೋ, ಅತ್ತೆಗೆ ಅವರ ಮೇಲೆ ನಂಬಿಕೆ ಬಂತು.

ಊರಲ್ಲಿ ನಕ್ಕರು. “ನಾಯಿಗೂ ಆಪರೇಷನ್ ಬಂತು ಕಣ್ಲಾ” ಎಂದು ಅರಳಿಕಟ್ಟೆಯ ಮೇಲೆ ಮಾತಾಯಿತಂತೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮರಿಗಳನ್ನು ಶೆಟ್ಟಿಕೆರೆ ಕಡೆಯ ಕುರಿಯವರು ಒಯ್ದ ಮೇಲೆ, ಕೊಬ್ಬರಿ ಸಾಗಿಸುವ ಗಾಡಿಗೆ ಹುಲ್ಲು ಹಾಸಿ ನಾಯಿಯನ್ನು ಕರೆದೊಯ್ದರು. ಸಂಜೆ ವಾಪಸು ಬಂದಾಗ ಅದಕ್ಕೆ ಇಂಜೆಕ್ಷನ್ನಿನ ಮಂಪರು ಇಳಿದಿರಲಿಲ್ಲ. ನಾಲಗೆ ಹೊರಚಾಚಿತ್ತು, ಹೊಟ್ಟೆಯ ಕೂದಲು ಬೋಳಿಸಿದ್ದ ಕಡೆ ಕಪ್ಪು ದಾರದ ಹೊಲಿಗೆ ಕಾಣುತ್ತಿತ್ತು.

ಕಾಯಿ ಅಟ್ಟದ ಕೆಳಗಿನ ಕೋಣೆ ತಂಪಾಗಿರುತ್ತದೆ. ಅತ್ತೆ ಅಲ್ಲಿಯೇ ಜಾಗ ಮಾಡಿದರು. ಹತ್ತು ದಿನ ನೆಗೆಯಬಾರದು, ಹೊಲಿಗೆ ನೆಕ್ಕಬಾರದು, ನೀರು ತಾಗಬಾರದು, ಎಣ್ಣೆ ಅರಿಶಿನ ಏನೂ ಹಚ್ಚಬಾರದು ಎಂದು ಡಾಕ್ಟರು ಹೇಳಿದ್ದರು. ಸುಟ್ಟ ಗಾಯದಿಂದ ತಲೆನೋವಿನವರೆಗೆ ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು ಎಂದು ನಂಬಿದ್ದ ಹೆಂಗಸು, ಆ ಮಾತನ್ನೂ ಪಾಲಿಸಿದರು. ಮಾತ್ರೆಯನ್ನು ಅರೆದು ರಾಗಿ ಅಂಬಲಿಗೆ ಬೆರೆಸಿ ಕುಡಿಸಿದರು. ನೆಕ್ಕದಂತೆ ಹೊಟ್ಟೆಗೆ ಬಟ್ಟೆ ಸುತ್ತಿ, ಬೆನ್ನ ಮೇಲೆ ಗಂಟು ಹಾಕಿದರು. ಅದು ನನ್ನ ಬಾಣಂತನದಲ್ಲಿ ನನ್ನ ಹೊಟ್ಟೆಗೆ ಕಟ್ಟಿದ್ದ ಹಳೇ ಸೀರೆಯ ತುಂಡು. ಗುರುತು ಹಿಡಿದೆ.

ಹಿಂದಿನ ವರ್ಷ, ಎರಡನೇ ಮಗುವಾದ ಮೇಲೆ, ನನಗೂ ಕುಟುಂಬ ಯೋಜನೆಯ ಕ್ಯಾಂಪಿನಲ್ಲಿ ಮಕ್ಕಳಾಗದ ಆಪರೇಷನ್ ಆಗಿತ್ತು. ಆರನೆಯ ದಿನ ತೋಟದಲ್ಲಿ ಕಾಯಿ ಕೀಳುವವರು ಬಂದರು. ಹನ್ನೆರಡು ಆಳಿಗೆ ಮುದ್ದೆ ಸಾರು ಆಗಬೇಕಿತ್ತು, ನಾನು ಬಾವಿಯಿಂದ ನೀರು ಸೇದಿದೆ. ಹೊಲಿಗೆಯ ಒಂದು ತುದಿ ಬಿಚ್ಚಿಕೊಂಡಿತು, ಕೀವಾಯಿತು. ನಿಧಾನಕ್ಕೆ ತಾನೇ ಮಾಯಿತು. ಅದನ್ನು ದೊಡ್ಡದಾಗಿ ಯಾರೂ ತೆಗೆದುಕೊಳ್ಳಲಿಲ್ಲ, ನಾನೂ ಕೂಡ. ಈಗ ನಾಯಿಯ ಕೋಣೆಯ ಬಾಗಿಲಲ್ಲಿ ಅತ್ತೆ ಮಕ್ಕಳನ್ನು ಗದರಿಸಿ ಕಳಿಸುವುದನ್ನು ನೋಡುತ್ತ, ನನಗೆ ಸಿಟ್ಟು ಬಂತೆಂದು ಹೇಳಲಾರೆ. ದಿನ ಎಣಿಸುತ್ತಿದ್ದೆ ಅಷ್ಟೆ. ಇವತ್ತು ಮೂರು, ನಾನು ಮೂರನೆಯ ದಿನ ಏನು ಮಾಡುತ್ತಿದ್ದೆ ಎಂದು.

ನಾಲ್ಕನೆಯ ದಿನ ಕೋತಿಗಳು ಹಿತ್ತಲಿಗೆ ಇಳಿದವು. ಬಾಗಿಲು ಓರೆಯಾಗಿತ್ತು. ನಾಯಿ ಒಂದೇ ನೆಗೆತಕ್ಕೆ ಜಗುಲಿ ದಾಟಿತು. ಹಿಡಿದು ತಂದು ಮಲಗಿಸಿದೆವು, ಮೇಲೆ ಏನೂ ಕಾಣಲಿಲ್ಲ. ಮರುದಿನ ಮಧ್ಯಾಹ್ನ ಅಂಬಲಿ ಇಡಲು ಹೋದಾಗ ನನಗೆ ವಾಸನೆ ಬಡಿಯಿತು.

“ಅತ್ತೆ, ಬಟ್ಟೆ ಬಿಚ್ಚಿ. ಕೀವಾಗಿದೆ” ಎಂದೆ.

“ಬೆಳಿಗ್ಗೆ ನೋಡಿದ್ನಲ್ಲೇ, ಏನೂ ಇರ್ಲಿಲ್ಲ. ನಿಂಗೆ ಹೆಂಗೆ ಗೊತ್ತಾಯ್ತು?”

“ವಾಸನೆ. ನನಗೂ ಹಿಂಗೇ ಆಗಿತ್ತಲ್ಲ.”

ಅವರು ಗಂಟು ಬಿಚ್ಚಿದರು. ನಾನು ಹೇಳಿದ್ದು ನಿಜವಾಗಿತ್ತು. ಅವರು ಕೀವಾದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು.

“ಆವಾಗ ಒಂದು ಮಾತು ಹೇಳಾದಲ್ವೇನೇ?”

“ಹೇಳಿದ್ದೆ. ಎಲ್ಲಾರ್ಗೂ ಆಗೋದೇ, ನೀನೊಬ್ಳೇನಾ ಅಂದ್ರಿ.”

ನಾನು ದನಿ ಏರಿಸಿರಲಿಲ್ಲ. ಅತ್ತೆ ಎದ್ದು ಹೋಗಿ, ಕಾಯಿ ಸುಲಿಸುತ್ತಿದ್ದ ಮಗನನ್ನು ಕೂಗಿ, “ಡಾಕ್ಟ್ರನ್ನ ಕರ್ಕಂಡು ಬಾ. ಈಗ್ಲೇ ಹೋಗು” ಎಂದರು.

ಡಾಕ್ಟರು ಮೋಟಾರ್ ಸೈಕಲ್ಲಿನಲ್ಲಿ ಬಂದು, ಗಾಯ ತೊಳೆದು ಶುದ್ಧ ಮಾಡಿ, ಬಿಚ್ಚಿದ ಕಡೆ ಮತ್ತೆರಡು ಹೊಲಿಗೆ ಹಾಕಿದರು. ನಾನು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟು ಬಾಯಿ ಹಿಡಿದುಕೊಂಡಿದ್ದೆ. ಅದು ನಡುಗುತ್ತಿತ್ತು, ಕಚ್ಚಲು ಬರಲಿಲ್ಲ. “ಇನ್ನೂ ಹತ್ತು ದಿನ” ಎಂದು ಹೇಳಿ ಅವರು ಹೋದರು.

ಮಾರನೆಯ ಬೆಳಿಗ್ಗೆ ನಾನು ಕೊಡ ಹಿಡಿದು ಬಾವಿಗೆ ಹೋದರೆ ಅತ್ತೆ ಆಗಲೇ ನೀರು ಸೇದುತ್ತಿದ್ದರು. “ನೀನು ನಾಯಿ ನೋಡ್ಕೋ, ನಿಂಗೇ ಚೆನ್ನಾಗಿ ತಿಳೀತದೆ” ಎಂದರು, ನನ್ನ ಕಡೆ ತಿರುಗದೆ. ನನ್ನ ಹೊಲಿಗೆ ಮಾಯ್ದು ವರ್ಷವಾಗಿತ್ತು. ಆದರೂ ಬೇಡವೆನ್ನಲಿಲ್ಲ. ಹಾಗೆ ಹತ್ತು ದಿನ ನೀರು ಅವರದಾಯಿತು, ನಾಯಿ ನನ್ನದಾಯಿತು. ಗಾಯಕ್ಕೆ ಡಾಕ್ಟರು ಕೊಟ್ಟ ಟಿಂಚರ್ ಹಚ್ಚುವುದು, ಬಟ್ಟೆ ಬದಲಿಸುವುದು, ಹೊತ್ತು ಹೊತ್ತಿಗೆ ಹೊರಗೆ ನಡೆಸಿ ತರುವುದು. ಅದಕ್ಕೂ ಮೊದಲು ನಾನು ಆ ನಾಯಿಯನ್ನು ಮುಟ್ಟಿದ್ದು ಕಡಿಮೆ. ಆ ದಿನಗಳಲ್ಲಿ ಬಾಗಿಲ ಸದ್ದಾದರೆ ಸಾಕು, ಮಲಗಿದಲ್ಲೇ ಬಾಲ ನೆಲಕ್ಕೆ ಬಡಿಯುತ್ತಿತ್ತು.

ಗಾಯ ಮಾಯಿತು. ಹೊಟ್ಟೆಯ ಕೂದಲು ಮೊದಲಿಗಿಂತ ಬೆಳ್ಳಗೆ ಬೆಳೆಯಿತು. ನಾಯಿ ಒಂದಿಷ್ಟು ದಪ್ಪಗಾಯಿತು, ಕೋತಿಗಳ ಮೇಲಿನ ದ್ವೇಷ ಮಾತ್ರ ಕಡಿಮೆಯಾಗಲಿಲ್ಲ. ಆಮೇಲೂ ಏಳು ವರ್ಷ ಬದುಕಿತು.

ಅತ್ತೆ ಆ ಮಾತನ್ನು ನನ್ನ ಹತ್ತಿರ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ವರ್ಷದ ಮೇಲೆ ಪಕ್ಕದ ತೋಟದವರ ಸೊಸೆ ಕ್ಯಾಂಪಿನಿಂದ ಬಂದಳು. ಮೂರನೆಯ ದಿನವೇ ಅವಳು ಒರಳ ಮುಂದೆ ಕೂತದ್ದನ್ನು ಬೇಲಿಯಾಚೆಯಿಂದ ಕಂಡು, ಅತ್ತೆ ನೆಟ್ಟಗೆ ಅವರ ಅಂಗಳಕ್ಕೆ ನಡೆದರು. ನಾನು ಬೇಲಿಯ ಈಚೆ ಇದ್ದೆ.

“ನಮ್ಮನೆ ನಾಯಿಗೇ ಎರಡು ವಾರ ಬೇಕಾಯ್ತು ಕಣ್ರೀ. ಆ ಮಗೀನ ಎಬ್ಬಿಸಿ ಮಲಗಿಸಿ, ನಾನು ರುಬ್ಬಿ ಕೊಡ್ತೀನಿ” ಎಂದವರೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೇಬಿಟ್ಟರು.