ಗೇಣುದ್ದದ ಕಾರಿಗೆ ಆಯುಧಪೂಜೆ

ಆಯುಧಪೂಜೆಯ ದಿನ ಬಳ್ಳಾರಿಯಲ್ಲಿ ಬೈಕ್ ಓಡಿಸುವುದೆಂದರೆ ಒಂದು ಶಿಕ್ಷೆ. ಪ್ರತಿ ಅಂಗಡಿಯ ಮುಂದೆಯೂ ಬೂದುಗುಂಬಳಕಾಯಿ ಒಡೆದಿರುತ್ತಾರೆ. ಅದರ ತಿರುಳು, ಕುಂಕುಮದ ನೀರು, ಚೆಂಡುಹೂವಿನ ಎಸಳು ಸೇರಿ ರಸ್ತೆ ಎಣ್ಣೆ ಸುರಿದ ಹಾಗಿರುತ್ತದೆ. ಅಂಥ ದಿನ ಬೆಳಿಗ್ಗೆಯೇ ಗೆಳೆಯ ಹೊನ್ನೂರಸ್ವಾಮಿ ಎದೆಗೊಂದು ರಟ್ಟಿನ ಡಬ್ಬ ಅವುಚಿಕೊಂಡು ನನ್ನ ಫೋಟೋ ಸ್ಟುಡಿಯೊ ಬಾಗಿಲಲ್ಲಿ ನಿಂತಿದ್ದ.

“ಬಾದನಹಟ್ಟಿಗೆ ಹೋಗಬೇಕು. ನೀ ಗಾಡಿ ಹೊಡಿ, ನಾ ಹಿಂದ ಕುಂದರ್ತೀನಿ.”

“ಹಬ್ಬದ ದಿನ ಯಾಕಲೇ? ನಾಳೆ ಹೋದ್ರ ನಿನ್ನ ಗಂಟೇನು ಹೋಗತೈತಿ?”

“ಮೇಸ್ತ್ರಿ ಫೋನ್ ಮಾಡಿದ್ರು. ಎಡಗಣ್ಣು ಪೂರಾ ಹೋತಂತ. ಬಲಗಣ್ಣಿಗೆ ಬಿಸಿಲಿನ್ಯಾಗ ಮಾತ್ರ ಒಂಚೂರು ಕಾಣತೈತಂತ. ‘ಕಾರು ಮುಗದಿದ್ರ ತಗೊಂಬಾ, ತಡಾ ಮಾಡಿದ್ರ ನೋಡಾಕ ಕಣ್ಣಿರಂಗಿಲ್ಲ’ ಅಂದ್ರು.”

ನನಗೆ ಸಿಟ್ಟು ಬೇಗ ಬರುತ್ತದೆ, ಹೊನ್ನೂರನ ಮೇಲಂತೂ ಇನ್ನೂ ಬೇಗ. ಆದರೆ ಅವನ ಮುಖ ನೋಡಿ ಅಂಗಡಿಯ ಶಟರ್ ಎಳೆದೆ.

ಡಬ್ಬದಲ್ಲಿ ಏನಿದೆ ಎನ್ನುವುದು ನನಗೆ ಗೊತ್ತಿತ್ತು. ಒಂದು ಬಿಳಿ ರೇಸ್ ಕಾರು. ಉದ್ದ ಒಂದು ಗೇಣು. ಅದರ ಪ್ರತಿ ಹಂತದ ಫೋಟೋ ತೆಗೆದವನು ನಾನೇ. ಬರಿಗಣ್ಣಿಗೆ ಆಟಿಕೆಯಂತೆ ಕಾಣುವ ಆ ವಸ್ತು ಹತ್ತಿರದಿಂದ ತೆಗೆಯುವ ಲೆನ್ಸ್ ಹಾಕಿ ನೋಡಿದಾಗ ಬೇರೆಯೇ ಆಗಿಬಿಡುತ್ತಿತ್ತು. ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರ ವಾಲುತ್ತಿತ್ತು. ಎಂಜಿನ್ನಿನ ಹೊಗೆಕೊಳವೆಯ ಮೇಲೆ, ಕಾದು ನೀಲಿಯಾದ ಕಬ್ಬಿಣದ ಬಣ್ಣವಿತ್ತು. ಸೀಟಿಗೆ ಅವನ ಹಳೆಯ ಪರ್ಸಿನ ಚರ್ಮ, ಕನ್ನಡಿಗೆ ಮಾತ್ರೆ ಪೊಟ್ಟಣದ ಬೆಳ್ಳಿ ಹಾಳೆ, ಟೈರಿಗೆ ಇಂಜೆಕ್ಷನ್ ಬಾಟಲಿಯ ರಬ್ಬರ್ ಮುಚ್ಚಳ. ಮದುವೆ ಮನೆಗಳಲ್ಲಿ ಸಾವಿರಾರು ಒಡವೆ ಫೋಟೋ ತೆಗೆದಿದ್ದೇನೆ. ಯಾವುದೂ ನನ್ನನ್ನು ಹಾಗೆ ಉಸಿರು ಬಿಗಿಹಿಡಿದು ನಿಲ್ಲುವಂತೆ ಮಾಡಲಿಲ್ಲ. ಇದನ್ನು ಅವನೆದುರು ಮಾತ್ರ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಹತ್ತಿ ಕೂರುತ್ತಾನೆ.

ಹೊನ್ನೂರ ಹುಟ್ಟಿದ್ದು ಸಿರಿಗೇರಿಯಲ್ಲಿ. ಜೋಳದ ದಂಟಿನ ಬೆಂಡಿನಿಂದ ಬಂಡಿ ಮಾಡುವುದು ನಮ್ಮ ಕಡೆಯ ಎಲ್ಲ ಮಕ್ಕಳಿಗೂ ಬರುತ್ತದೆ. ಇವನು ಆ ಬಂಡಿಗೆ ಕೀಲು, ನೊಗ, ಮಿಣಿ ಹಗ್ಗ ಎಲ್ಲ ಹೂಡದೆ ಊಟಕ್ಕೆ ಏಳುತ್ತಿರಲಿಲ್ಲವಂತೆ. ಮುಂದೆ ಬಳ್ಳಾರಿಗೆ ಬಂದು ಹಲ್ಲಿನ ಸೆಟ್ಟು ಮಾಡುವ ಕೆಲಸ ಕಲಿತ. ಈಗಲೂ ಸತ್ಯನಾರಾಯಣಪೇಟೆಯ ಒಂದು ಸಣ್ಣ ಲ್ಯಾಬಿನಲ್ಲಿ ಕೂತು ಊರಿನವರ ಬಾಯಿಗೆ ಹಲ್ಲು ಜೋಡಿಸುತ್ತಾನೆ. ಅಲ್ಲಿಗೇ ಒಂದು ದಿನ ಚಿದಾನಂದಪ್ಪ ಮೇಸ್ತ್ರಿ ಬಂದದ್ದು, ಸೆಟ್ಟು ವಸಡಿಗೆ ಒತ್ತುತ್ತದೆ ಎಂದು ಜಗಳ ತೆಗೆಯಲಿಕ್ಕೆ.

ಚಿದಾನಂದಪ್ಪ ಬಾದನಹಟ್ಟಿಯವರು. ಹರೆಯದಲ್ಲಿ ಮದರಾಸಿನ ವರ್ಕ್‌ಶಾಪೊಂದರಲ್ಲಿದ್ದರು. ಅಲ್ಲಿ ನಾಲ್ಕೈದು ಮೆಕ್ಯಾನಿಕ್‌ಗಳು ಸೇರಿ ಒಂದು ರೇಸ್ ಕಾರು ಕಟ್ಟಿದ್ದರು, ಅದರ ಬೋಲ್ಟು ಬಿಗಿದ ಕೈಗಳಲ್ಲಿ ಇವರದೂ ಒಂದು. ಊರಿಗೆ ಮರಳಿದ ಮೇಲೆ ಲೇತ್ ಮಷೀನು ಇಟ್ಟುಕೊಂಡು ಟ್ರಾಕ್ಟರ್ ರಿಪೇರಿ ಮಾಡಿದರು; ಬಿಡುವಿದ್ದಾಗಲೆಲ್ಲ ಹಿತ್ತಾಳೆ ತಗಡಿನಲ್ಲಿ ಪುಟ್ಟ ಪುಟ್ಟ ಕಾರು ಕಡೆದರು. ಅವರ ಮನೆಯ ಗಾಜಿನ ಕಪಾಟು ನೋಡಿದವರು ಅಲ್ಲಿಂದ ಬೇಗ ಏಳುವುದಿಲ್ಲ.

ಆ ದಿನ ಲ್ಯಾಬಿನಲ್ಲಿ ಹೊನ್ನೂರನ ಮೇಜಿನ ಮೇಲೆ ಒಂದು ಅಂಗೈಯಗಲದ ಲಾರಿ ಇತ್ತು. ಮೇಸ್ತ್ರಿ ಜಗಳ ನಿಲ್ಲಿಸಿ ಅದನ್ನೆತ್ತಿ ನೋಡಿದರು. ಚಕ್ರಕ್ಕೆ ಉಗುರು ತಾಗಿಸಿ, “ತಿರುಗಂಗಿಲ್ಲ. ಗಾಲಿ ತಿರುಗದಿದ್ರ ಅದು ಗಾಡಿ ಅಲ್ಲಲೇ, ಗೊಂಬಿ” ಎಂದು ಕೆಳಗಿಟ್ಟರು. ಹೊನ್ನೂರ ಅವತ್ತೇ ಅವರಿಗೆ ಗಂಟುಬಿದ್ದ. ಆಮೇಲೆ ಅವನು ಮಾಡಿದ ಪ್ರತಿ ಕಾರೂ ಬಾದನಹಟ್ಟಿಗೆ ಹೋಗಿ ಬೈಸಿಕೊಂಡು ಬಂತು. ಮೇಸ್ತ್ರಿಯದು ಒಂದೇ ಕಟ್ಟಳೆ: ಫೋಟೋದಲ್ಲಿ ಇರುವುದೆಲ್ಲ ಕಾರಿನ ಮೇಲೆ ಇರಬೇಕು, ಫೋಟೋದಲ್ಲಿ ಇಲ್ಲದ್ದು ಒಂದು ಸಾಸಿವೆಯಷ್ಟೂ ಇರಬಾರದು. ಇನ್ನೊಂದು, ಬಣ್ಣಕ್ಕೆ ಬೆರಳು ತಾಗಿಸಬಾರದು. ಹಿಡಿಯುವುದಿದ್ದರೆ ಕೆಳಗಿನ ಹಲಗೆ ಹಿಡಿಯಬೇಕು.

ಮದರಾಸಿನ ಆ ಬಿಳಿ ಕಾರಿನ ಮಾದರಿಯನ್ನು ಮೇಸ್ತ್ರಿ ತಾವೇ ಮಾಡಬೇಕೆಂದುಕೊಂಡಿದ್ದರು. ಕಣ್ಣು ಮಂಜಾದಾಗ ತಮ್ಮ ಹತ್ತಿರವಿದ್ದ ಒಂದೇ ಒಂದು ಹಳೆಯ ಫೋಟೋವನ್ನು ಹೊನ್ನೂರನ ಕೈಗಿಟ್ಟರು. ಅವನು ಆ ಕಾರಿಗೆ ಬಿದ್ದ ರೀತಿ ಮಾತ್ರ ಭಯ ಹುಟ್ಟಿಸುವಂಥದ್ದು. ಮೇಜಿನ ಮೇಲೆ ಧೂಳು ಬಿದ್ದರೆ ಹೆಂಡತಿ ವಿಜಯಲಕ್ಷ್ಮಿಯ ಮೇಲೆ ಹಾರಾಡುತ್ತಿದ್ದ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಎಣ್ಣೆಯ ಹೊಗೆ ಬಣ್ಣಕ್ಕೆ ತಾಗುತ್ತದೆಂದು ಕೂಗುತ್ತಿದ್ದ. “ಆ ಕಾರಿನ್ಯಾಗ ಕುಂತು ಎಲ್ಲೆರ ಹೋಗಿಬಿಡ್ರಿ” ಎಂದು ಆಕೆ ಒಮ್ಮೆ ನನ್ನೆದುರೇ ಅಂದಿದ್ದಳು. ನನಗೂ ಅದೇ ಅನ್ನಿಸಿತ್ತು.

ಈಗ ಅದೇ ಕಾರು ನನ್ನ ಬೆನ್ನಿಗೂ ಅವನ ಹೊಟ್ಟೆಗೂ ನಡುವೆ ಇತ್ತು. ಊರು ದಾಟುವ ಮುಂಚೆಯೇ ಒಂದು ಗ್ಯಾರೇಜಿನ ಮುಂದೆ ಕುಂಬಳದ ಹೋಳಿನ ಮೇಲೆ ಹಿಂದಿನ ಚಕ್ರ ಜಾರಿತು. ಗಾಡಿ ವಾಲಿತು. ನಾನು ಕಾಲು ಕೊಟ್ಟು ಹೇಗೋ ತಡೆದೆ. ಹಿಂದಿನಿಂದ ಸದ್ದೇ ಇಲ್ಲ. ತಿರುಗಿ ನೋಡಿದರೆ ಹೊನ್ನೂರ ಎರಡೂ ಕೈಯಿಂದ ಡಬ್ಬವನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂತಿದ್ದ. ಬಿದ್ದಿದ್ದರೆ ತನ್ನ ಬಾಯಿಗೆ ತಾನೇ ಹಲ್ಲಿನ ಸೆಟ್ಟು ಮಾಡಿಕೊಳ್ಳಬೇಕಿತ್ತು.

“ನನ್ನ ಹಿಡಕೊಳ್ಳಲೇ, ಮಬ್ಬ!” ಎಂದು ಬೈದೆ.

“ನೀ ಸಾವಕಾಶ ಹೊಡಿ. ಆದ್ರ ಬಿಸಿಲು ಹೋಗೋದ್ರಾಗ ಮುಟ್ಟಿಸು.”

ಸಾವಕಾಶವೂ ಹೋಗಬೇಕು, ಬೇಗವೂ ಮುಟ್ಟಬೇಕು! ಕುರುಗೋಡಿನ ದಾರಿಯುದ್ದಕ್ಕೂ ಹೂವು ಕಟ್ಟಿಕೊಂಡ ಟ್ರಾಕ್ಟರುಗಳು, ಭತ್ತ ಕೊಯ್ಯುವ ಮಷೀನುಗಳು ರಸ್ತೆ ತುಂಬ ನಿಂತಿದ್ದವು. ರಸ್ತೆಯ ಪ್ರತಿ ಉಬ್ಬಿನಲ್ಲೂ ಅವನು ಹಲ್ಲು ಕಚ್ಚುವ ಸದ್ದು ನನಗೆ ಕೇಳುತ್ತಿತ್ತು. ಆಕಾಶದಲ್ಲಿ ಮೋಡದ ಚೂರುಗಳು ತೇಲುತ್ತಿದ್ದವು. ಒಂದೊಂದು ಮೋಡ ಸೂರ್ಯನ ಹತ್ತಿರ ಬಂದಾಗಲೂ ನನ್ನ ಕೈ ತಾನಾಗಿ ಆಕ್ಸಿಲರೇಟರ್ ತಿರುವುತ್ತಿತ್ತು. ನನಗೇ ಗೊತ್ತಿಲ್ಲದೆ ನಾನೂ ಆ ಕಾರಿನ ಹುಚ್ಚಿಗೆ ಬಿದ್ದಿದ್ದೆ.

ಬಾದನಹಟ್ಟಿಯ ಮನೆಯ ಅಂಗಳದಲ್ಲಿ ಪೂಜೆಯ ಗಡಿಬಿಡಿ. ಟ್ರಾಕ್ಟರು, ಎರಡು ಬೈಕು, ಹೊಲಿಗೆ ಮಷೀನು, ಮೇಸ್ತ್ರಿಯ ಹಳೆಯ ಲೇತು, ಎಲ್ಲ ತೊಳೆದು ಸಾಲಾಗಿದ್ದವು. ಮೇಸ್ತ್ರಿಯ ಸೊಸೆ ಕೊಟ್ರಮ್ಮ ಕುಂಕುಮದ ಬಟ್ಟಲು ಹಿಡಿದು ಓಡಾಡುತ್ತಿದ್ದಳು. “ಬರ್ರಿ ಅಣ್ಣಾ, ಮಾವ ಜಳಕ ಮಾಡಾಕತ್ತಾರ. ಒಳಗ ಕುಂತು ಚಾ ಕುಡೀರಿ” ಎಂದಳು.

ಡಬ್ಬದೊಳಗಿನ ಸೆಕೆಗೆ ಅಂಟು ಸಡಿಲಾದೀತೆಂದು ಹೊನ್ನೂರ ಕಾರನ್ನು ಹಲಗೆಸಮೇತ ಹೊರತೆಗೆದ, ಕಟ್ಟಿದ್ದ ದಾರ ಬಿಚ್ಚಿದ, ಕಟ್ಟೆಯ ತುದಿಯ ನೆರಳಿನಲ್ಲಿಟ್ಟ. ಆಮೇಲೆ ನಾವು ಒಳಗೆ ಹೋದೆವು. ತಪ್ಪು ಅಂದರೆ ಅಷ್ಟೇ. ಆಯುಧಪೂಜೆಯ ದಿನ, ಕುಂಕುಮ ಹಿಡಿದ ಹೆಣ್ಣುಮಗಳ ಅಂಗಳದಲ್ಲಿ, ನಾಲ್ಕು ಗಾಲಿಯಿರುವ ವಸ್ತುವೊಂದನ್ನು ಬಿಟ್ಟು ಹೋಗಿದ್ದೆವು.

ಚಹಾ ಕುಡಿದು ಹೊರಗೆ ಬಂದಾಗ ಕಾರಿಗೆ ಪೂಜೆ ಮುಗಿದಿತ್ತು.

ಕೊಟ್ರಮ್ಮ ಏನನ್ನೂ ಬಿಟ್ಟಿರಲಿಲ್ಲ. ಚೆಂಡುಹೂವಿನ ಎಸಳುಗಳನ್ನು ದಾರದಲ್ಲಿ ಪೋಣಿಸಿ ಬೆರಳುದ್ದದ ಹಾರ ಹಾಕಿದ್ದಳು. ಅಂಗಳದ ಗಿಡದಿಂದ ಕಡಲೆಕಾಳಿನಷ್ಟಿನ ಹೀಚು ನಿಂಬೆಕಾಯಿ ಕಿತ್ತು, ನಾಲ್ಕೂ ಗಾಲಿಯ ಮುಂದೆ ಹಲಗೆಯ ಮೇಲೆ ಒಂದೊಂದು ಒತ್ತಿ ಸಿಕ್ಕಿಸಿದ್ದಳು. ಕಾರಿನ ಬಿಳಿ ಮೂಗಿನ ನಟ್ಟನಡುವೆ ಒಂದು ಕೆಂಪು ಬೊಟ್ಟು. ಒದ್ದೆ ಕುಂಕುಮ. ನಿಜವಾದ ಕಾರಿಗೆ ಹೊಳಪಿರಲಿಲ್ಲವೆಂದು ಹೊನ್ನೂರ ಬಣ್ಣದ ಮೇಲೆ ವಾರ್ನಿಶ್ ಹೊಡೆದಿರಲಿಲ್ಲ. ಆ ಬಣ್ಣ ಬೊಟ್ಟನ್ನು ಒಳಗೆ ಹೀರಿಕೊಂಡಿತ್ತು.

ಹೊನ್ನೂರ ಜೇಬಿನಿಂದ ಹತ್ತಿ ತೆಗೆದು ಬಗ್ಗಿದ. ನಾನು ಅವನ ಮಣಿಕಟ್ಟು ಹಿಡಿದೆ. “ಉಜ್ಜಬ್ಯಾಡಲೇ, ಮೂಗೆಲ್ಲ ಕೆಂಪಾಗತೈತಿ.”

“ಏನಾತಣ್ಣಾ?” ಕೊಟ್ರಮ್ಮ ಹತ್ತಿರ ಬಂದಳು. “ಬೆಂಕಿಕಡ್ಡಿ ತುದಿಲೆ ಇಟ್ಟೀನಿ, ದೊಡ್ಡದಾಗಬಾರ್ದಂತ. ಅಂಗಳಕ್ಕ ಬಂದ ಗಾಡಿನ ಸಣ್ಣದೈತಂತ ಹಂಗ ಬಿಡಾಕ ಬರತೈತೇನು?”

ಅಷ್ಟರಲ್ಲಿ ಒಳಗಿನಿಂದ ಕೋಲಿನ ಸದ್ದು ಕೇಳಿತು. ಹೊನ್ನೂರ ಹಾರ ತೆಗೆದು ಕಿಸೆಗೆ ಹಾಕಿಕೊಂಡ, ಬೊಟ್ಟಿನ ಮೇಲೆ ಹೆಬ್ಬೆರಳು ಇಟ್ಟ. ಬಣ್ಣಕ್ಕೆ ಬೆರಳು ತಾಗಿಸಬಾರದೆಂಬ ಕಟ್ಟಳೆಯನ್ನು ಅವನು ಮುರಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೇಸ್ತ್ರಿ ಬಂದು ಬಿಸಿಲಿಗೆ ಮುಖಮಾಡಿ ಕಟ್ಟೆಯ ಮೇಲೆ ಕೂತರು. ಗಡಿಯಾರ ರಿಪೇರಿಯವರಂತೆ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಹೊನ್ನೂರ ಹಲಗೆಯನ್ನು ಅವರ ತೊಡೆಯ ಮೇಲಿಟ್ಟ, ಹೆಬ್ಬೆರಳು ತೆಗೆಯದೆಯೇ. ಅವಸರದಲ್ಲಿ ಕಾರಿನ ಹಿಂಭಾಗ ಅವರ ಕಡೆಗಾಯಿತು. ಅವರು ಬಗ್ಗಿ ನೋಡಿದರು.

“ಮುಂದಿನ ಗಾಲಿ ರಾಡು ಕುಂತಾವು. ಮೂಗಿನ ಕೆಳಗ ಗಾಳಿ ಕಿಂಡಿ ಐತಿ. ಕನ್ನಡಿ ಎರಡೂ ಅದಾವು. ಹೊಗಿಕೊಳವಿ ನೀಲಿ ಆಗೇತಿ.”

ಒಂದೊಂದು ಮಾತಿಗೂ ಹೊನ್ನೂರ ತಲೆಯಾಡಿಸಿದ. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಫೋಕಸ್ ಮಾಡುವವನ ತಲೆ ಹಿಂದೆ ಮುಂದೆ ಆಡುತ್ತದೆ, ಇವರ ತಲೆ ಅಲ್ಲಾಡುತ್ತಲೇ ಇರಲಿಲ್ಲ. ಮೇಲಾಗಿ, ಹಿಂದಿನ ಗಾಲಿಯ ಮೇಲೆ ಕಣ್ಣಿಟ್ಟು ಮುಂದಿನದನ್ನು ಹೇಳುತ್ತಿದ್ದರು.

“ಕೈ ತೆಗೀಲೇ, ನೆಳ್ಳು ಬೀಳತೈತಿ,” ಎಂದರು.

ಹೊನ್ನೂರ ನನ್ನತ್ತ ನೋಡಿದ. ಕೊನೆಗೆ ಹೆಬ್ಬೆರಳು ಎತ್ತಿದ. ಮೇಸ್ತ್ರಿ ಹಲಗೆಯನ್ನು ಬಿಸಿಲಿಗೆ ವಾಲಿಸುತ್ತಿದ್ದ ಕೈಯನ್ನು ತಟ್ಟನೆ ನಿಲ್ಲಿಸಿದರು. ಭೂತಗನ್ನಡಿ ತೆಗೆದರು. ಮತ್ತೆ ಹಾಕಿಕೊಂಡರು.

“ಇದೇನಿದು, ಕೆಂಪಗ?”

“ತಪ್ಪಾತ್ರಿ ಮೇಸ್ತ್ರಿ, ನಾನ ಹೊರಗ ಬಿಟ್ಟು...” ಎಂದು ಹೊನ್ನೂರ ಶುರುಮಾಡಿದ. ಕೊಟ್ರಮ್ಮ ನಡುವೆ ಬಂದಳು. “ಅವರದೇನಿಲ್ಲ ಮಾವಾ, ಕುಂಕುಮ ಇಟ್ಟಾಕಿ ನಾನು.”

“ಫೋಟೋದಾಗ ಇಲ್ರಿ ಇದು. ಮನಿಗೆ ಹೋಗಿ ಪೂರಾ ಕೆರದು ಮತ್ತ ಬಣ್ಣ ಹೊಡಿತೀನಿ,” ಹೊನ್ನೂರನ ದನಿ ಒಡೆದಿತ್ತು.

“ಅಳಸಬ್ಯಾಡ.” ಮೇಸ್ತ್ರಿ ಹಲಗೆಯನ್ನು ತೊಡೆಗೆ ಇಳಿಸಿದರು. “ಇಷ್ಟೊತ್ತು ನಾ ಹೇಳಿದ್ದೆಲ್ಲಾ ನೆನಪಿಲೆ ಹೇಳಿದ್ನೋ ಹೊನ್ನೂರಾ. ನನಗ ಏನೂ ಕಾಣವಲ್ದು. ಬೆಳ್ಳಗ ಏನೋ ಒಂದು ಐತಿ ಅನಸ್ತೈತಿ, ಅಷ್ಟ. ಈ ಬೊಟ್ಟು ಕಂಡ ಮ್ಯಾಲೆ ಕಾರಿನ ಮುಖ ಯಾಕಡಿ ಐತಿ ಅಂತ ಗೊತ್ತಾತು.”

ಹೊನ್ನೂರ ನೆಲದ ಮೇಲೆ ಕೂತ. ಅಷ್ಟು ದಿನದ ಕೆಲಸ, ಈ ಓಟ, ಎಲ್ಲವೂ ತಡವಾಗಿ ಬಂದಿತ್ತು.

“ಮುಟ್ಟಲೇನು?” ಮೇಸ್ತ್ರಿ ಕೇಳಿದರು. ಆ ಮನುಷ್ಯ ಯಾರನ್ನಾದರೂ ಅಪ್ಪಣೆ ಕೇಳಿದ್ದನ್ನು ನಾನು ಕಂಡಿರಲಿಲ್ಲ.

“ಮುಟ್ರಿ.”

ಅವರು ಬೊಟ್ಟಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಮೂಗು, ಗಾಳಿ ಕಿಂಡಿ, ರಾಡುಗಳು, ಸೀಟಿನ ಚರ್ಮ. ಲೇತು ಹಿಡಿದು ಗಟ್ಟಿಯಾದ ದಪ್ಪ ಬೆರಳುಗಳು. ಬದಿಗೆ ಸರಿಯುವಾಗ ಚಿಟ್ ಎಂದಿತು. ಎಡಗಡೆಯ ಕನ್ನಡಿ ಮುರಿದು ಹಲಗೆಯ ಮೇಲೆ ಬಿತ್ತು.

ಬೆರಳು ನಿಂತಿತು. “ಏನೋ ಸಪ್ಪಳಾತು.”

ಒಗ್ಗರಣೆಯ ಹೊಗೆಗೆ ಮನೆ ತಲೆಕೆಳಗು ಮಾಡುತ್ತಿದ್ದ ಹೊನ್ನೂರ ಆ ಕನ್ನಡಿಯನ್ನು ಮೆಲ್ಲಗೆ ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡ. “ಏನಿಲ್ರಿ. ಕಟ್ಟಿ ಮ್ಯಾಲೆ ಕಡ್ಡಿ ಬಿತ್ತು. ನೀವು ನೋಡ್ರಿ, ಹಿಂದಕ್ಕ ಹೋಗ್ರಿ.”

ಅವರು ಪೂರ್ತಿ ಕಾರು ನೋಡಿ ಮುಗಿಸಿದರು. ಕೊನೆಗೆ ಬೆರಳು ಗಾಲಿಯ ಬಳಿ ಬಂದು ಎಡವಿತು. “ಇದೇನು ಅಡ್ಡ?”

“ಹೀಚು ನಿಂಬಿಕಾಯಿ ಮಾವಾ. ಇನ್ನಾ ಹತ್ತಿಸಿಲ್ಲ,” ಕೊಟ್ರಮ್ಮ ಹೆದರಿಕೊಂಡೇ ಹೇಳಿದಳು.

“ಹತ್ತಿಸದಿದ್ರ ಪೂಜಿ ಹೆಂಗ ಮುಗೀತು?” ಮೇಸ್ತ್ರಿ ಎರಡು ಬೆರಳನ್ನು ಕಾರಿನ ಬೆನ್ನ ಮೇಲಿಟ್ಟು ಒತ್ತಿ ಮುಂದೆ ತಳ್ಳಿದರು. ರಬ್ಬರ್ ಗಾಲಿಗಳು ಒಮ್ಮೆ ತಡೆದವು, ಆಮೇಲೆ ಹತ್ತಿ ಇಳಿದವು. ಹಸಿ ನಿಂಬೆಯ ವಾಸನೆ ಬಂತು. ಕಾರು ಹಲಗೆಯ ತುದಿಯವರೆಗೆ ತಾನೇ ಉರುಳಿತು, ಹೊನ್ನೂರ ಕೈಯೊಡ್ಡಿ ಹಿಡಿದ.

ಮೇಸ್ತ್ರಿ ಭೂತಗನ್ನಡಿ ಬಿಚ್ಚಿ ಅವನ ಇನ್ನೊಂದು ಕೈ ಹುಡುಕಿದರು. ಅದು ಮುಷ್ಟಿಯಾಗಿತ್ತು, ಅವನು ಬಿಡಿಸಲಿಲ್ಲ. ಅವರು ಆ ಮುಷ್ಟಿಯ ಮೇಲೆಯೇ ಭೂತಗನ್ನಡಿ ಇಟ್ಟು, “ಗಾಡಿ ಐತಲೇ ಇದು. ಗಾಡಿನ,” ಎಂದರು. ಕೊಟ್ರಮ್ಮ ಮಂಗಳಾರತಿ ತರಲು ಒಳಗೆ ಹೋದಳು.