ವರ್ನೆಲ್ ಆಚೆ ಬದಿಗೆ ಹೋಗಿ ಕೂತ ಶನಿವಾರ

ಮಿಸಿಸಿಪ್ಪಿಯ ಆ ಸೀಮೆಯಲ್ಲಿ ಮಕ್ಕಳು ಹುಟ್ಟುವಾಗಲೇ ಒಂದು ಬಣ್ಣಕ್ಕೆ ಸೇರಿಬಿಡುತ್ತಿದ್ದವು. ನದಿಯ ಈಚೆಗೆ ಟಾಲಿವರ್ ಕಾಲೇಜಿನ ಕೆಂಪು, ಆಚೆಗೆ ಪೆಟ್ಟಿವೇ ಕಾಲೇಜಿನ ಹಸಿರು. ವರ್ನೆಲ್‌ಳ ಬ್ಯೂಟಿ ಪಾರ್ಲರ್ ಈಚೆ ದಡದಲ್ಲಿತ್ತು. ಗೋಡೆಯೂ ಕೆಂಪು, ಕುರ್ಚಿಯೂ ಕೆಂಪು. ತಾಯಿ ತೀರಿಕೊಂಡ ಮೇಲೆ ತಮ್ಮ ಕ್ಲೀವನ್‌ನನ್ನು ಸಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಮೊದ್ಲು ಇವ್ನೊಂದು ದಡ ಸೇರ್ಲಿ" ಎನ್ನುತ್ತಿದ್ದಳು. ಕಡೆಗೆ ಆ ಮಾತು ಬರುವುದೇ ನಿಂತಿತು.

ಕ್ಲೀವನ್ ಟಾಲಿವರ್ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡು ಹೊತ್ತು ಓಡುವ ಆಟ, ಆಡಿದ, ಅಲ್ಲೇ ಸಹಾಯಕ ಕೋಚ್ ಆದ, ಗಡ್ಡ ನರೆತರೂ ಸಹಾಯಕನಾಗಿಯೇ ಉಳಿದ. ಹಳೆಯ ಮುಖ್ಯ ಕೋಚ್ ನಿವೃತ್ತರಾದಾಗ ಆ ಜಾಗ ಅವನದೇ ಎಂದು ಊರೆಲ್ಲ ನಂಬಿತ್ತು. ಕಾಲೇಜಿನವರು ಹೊರಗಿನವನೊಬ್ಬನನ್ನು ಕರೆತಂದರು. ಅದೇ ವಾರ ಮುಖ್ಯ ಕೋಚ್ ಆಗಿ ಬಾ ಎಂದು ಪೆಟ್ಟಿವೇಯಿಂದ ಕ್ಲೀವನ್‌ಗೆ ಕರೆ ಬಂತು.

ಅವನು ಬಂದು ವಿಷಯ ಹೇಳಿದಾಗ ವರ್ನೆಲ್ ಒಲೆಯ ಮುಂದಿದ್ದಳು.

"ಹಸಿರು ಅಂಗಿ ಹಾಕ್ಕೊಂಡು ಅಮ್ಮನ ಸಮಾಧಿ ಮುಂದೆ ಹೆಂಗೋ ನಿಲ್ತೀಯ?"

"ಅಮ್ಮ ಇದ್ದಿದ್ರೆ ಊಟ ಆಯ್ತಾ ಅಂತ ಕೇಳ್ತಿದ್ಲು, ಅಂಗಿ ಬಣ್ಣ ನೋಡ್ತಿರ್ಲಿಲ್ಲ. ಅಕ್ಕಾ, ಈ ಊರಲ್ಲಿ ನಾನು ಸಾಯೋವರೆಗೂ ವರ್ನೆಲ್ ತಮ್ಮ ಅಷ್ಟೇ. ಅವ್ರು ನನ್ನ ಕೋಚ್ ಅಂತ ಕರೆದ್ರು."

ವರ್ನೆಲ್ ಒಲೆಯ ಕಡೆ ತಿರುಗಿದಳು. ಸೊಪ್ಪು ತಳ ಹಿಡಿಯುವವರೆಗೂ ತಿರುವುತ್ತಲೇ ನಿಂತಳು.

ಅವನು ಪೆಟ್ಟಿವೇ ಸೇರಿದ ಸುದ್ದಿ ಹರಡಿದ ಮೇಲೆ ಪಾರ್ಲರಿನಲ್ಲಿ ಬೇರೆ ಮಾತೇ ಇರಲಿಲ್ಲ. ಕೆಲವರು ಬರುವುದನ್ನೇ ಬಿಟ್ಟರು. ಬಂದವರು ಕನ್ನಡಿಯೊಳಗಿಂದಲೇ ತೀರ್ಪು ಕೊಟ್ಟರು. ಹೆಂಡತಿಯನ್ನು ಕರೆದೊಯ್ಯಲು ಬಂದ ಚರ್ಚಿನ ಹಿರಿಯ ಡೀಕನ್ ಆಸ್ಬರ್ನ್ ಬಾಗಿಲಲ್ಲೇ ನಿಂತು ಕುಟುಕಿದ.

"ಮಿಸ್ ವರ್ನೆಲ್, ಯೇಸುನ ಹಿಡ್ಕೊಟ್ಟ ಯೂದನೇ ವಾಸಿ ಬಿಡಮ್ಮ. ನಿನ್ನ ತಮ್ಮ ನಮ್ಮ ಆಟದ ಗುಟ್ಟೆಲ್ಲ ಗಂಟು ಕಟ್ಕೊಂಡು ಹೋದ."

"ಗುಟ್ಟಿಗೆ ಅಷ್ಟು ಬೆಲೆ ಇದ್ರೆ, ಗುಟ್ಟು ಗೊತ್ತಿರೋನನ್ನೇ ಮೇಲೆ ಕೂರಿಸ್ಬೇಕಿತ್ತು, ಡೀಕನ್."

ಬಾಯಿಂದ ಬಿದ್ದ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. ಅಲ್ಲಿಯವರೆಗೆ ಅವಳ ಸಿಟ್ಟೆಲ್ಲ ತಮ್ಮನ ಮೇಲಿತ್ತು. ಅಂದು ಸಂಜೆ ಅವಳು ಪೇಟೆಗೆ ಹೋಗಿ ಹಸಿರು ಬಟ್ಟೆ ಕೊಂಡು ತಂದಳು.

ನವೆಂಬರಿನಲ್ಲಿ ಎರಡು ಕಾಲೇಜುಗಳೂ ಟಾಲಿವರ್ ಮೈದಾನದಲ್ಲಿ ಎದುರಾದವು. ಬ್ಯಾಂಡುಗಳು ಮೊಳಗುತ್ತಿದ್ದವು, ಮೀನು ಕರಿಯುವ ಹೊಗೆ ಎದ್ದಿತ್ತು. ವರ್ನೆಲ್ ಹಸಿರು ಉಡುಪು ತೊಟ್ಟು, ತಾನು ಜೀವಮಾನವಿಡೀ ಕೂತಿದ್ದ ಕೆಂಪು ಸಾಲುಗಳ ಮುಂದೆಯೇ ಹಾದಳು. "ದಾರಿ ತಪ್ಪಿತೇನಮ್ಮಾ?" ಎಂದು ಯಾರೋ ಕೂಗಿದರು. ಅವಳು ತಲೆಯೆತ್ತಿಕೊಂಡೇ ಸುತ್ತು ಹಾಕಿ, ಆಚೆ ಬದಿಗೆ ಹೋಗಿ ಕೂತಳು.

ಆಟ ಮುಗಿಯುವ ಹೊತ್ತಿಗೆ ಪೆಟ್ಟಿವೇ ಮೂರು ಅಂಕ ಹಿಂದಿತ್ತು. ಚೆಂಡು ಗೋಲ್ ಗೆರೆಯ ಹತ್ತಿರವೇ ಇತ್ತು, ಉಳಿದಿದ್ದು ಒಂದೇ ಯತ್ನ. ಚೆಂಡನ್ನು ಕಂಬಗಳ ನಡುವೆ ಒದ್ದರೆ ಸಮ, ಹೊತ್ತು ನುಗ್ಗಿ ಗೆರೆ ದಾಟಿದರೆ ಗೆಲುವು, ತಡೆದರೆ ಸೋಲು. ಒದೆಯುವವನು ಹೊರಟಿದ್ದ. ಕ್ಲೀವನ್ ಅವನ ಭುಜ ಹಿಡಿದು ಹಿಂದಕ್ಕೆ ಕರೆದ.

"ತಗೋ, ಕೆಟ್ಟಿತು" ಎಂದರು ಪಕ್ಕದವರು.

"ಸುಮ್ನಿರಿ. ಅರ್ಧಕ್ಕೆ ಒಪ್ಪೋ ಹುಡುಗನಲ್ಲ ಅವನು," ಎಂದಳು ವರ್ನೆಲ್.

ಪೆಟ್ಟಿವೇ ಹುಡುಗರು ಗುಂಪಾಗಿ ಎಡಕ್ಕೆ ನುಗ್ಗಿದರು. ಇಡೀ ಟಾಲಿವರ್ ತಂಡ ಎಡಕ್ಕೇ ವಾಲಿತು. ಚೆಂಡು ಬಚ್ಚಿಟ್ಟುಕೊಂಡಿದ್ದವನು ಬಲಗಡೆಯಿಂದ ಒಬ್ಬನೇ ಓಡಿ, ಯಾರ ಕೈಗೂ ಸಿಗದೆ ಗೆರೆ ದಾಟಿದ. ಹಸಿರು ಬದಿ ಇಡಿಯಾಗಿ ಎದ್ದು ನಿಂತಿತು. ವರ್ನೆಲ್ ಗುರುತಿಲ್ಲದ ಹೆಂಗಸೊಬ್ಬಳನ್ನು ತಬ್ಬಿಕೊಂಡು ಅತ್ತಳು.

ಆಮೇಲೆ ವರ್ನೆಲ್ ಕಾರುಗಳ ನಡುವೆ ಮೇಜು ಹಾಕಿ ಕರಿದ ಮೀನು ಬಡಿಸುವಾಗ ಡೀಕನ್ ಆಸ್ಬರ್ನ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ಅವನು ಹೋಗಿದ್ದಕ್ಕೆ ಬೈದೆ. ಬೈಬೇಕಾಗಿದ್ದು ಕಳಿಸ್ದೋರ್ನ," ಎಂದ.

"ಮೀನು ತಿನ್ನಿ, ಡೀಕನ್. ಆರಿಹೋಗುತ್ತೆ."

ಅಷ್ಟರಲ್ಲಿ ಕ್ಲೀವನ್ ಬಂದ. ಕೂಗಿ ಕೂಗಿ ಅವನ ಗಂಟಲು ಪೂರ್ತಿ ಕಟ್ಟಿತ್ತು. ಕೆಂಪಿನವರು, ಹಸಿರಿನವರು ಎಲ್ಲ ಸುತ್ತುವರಿದು, ಯಾಕೆ ಒದೆಸಲಿಲ್ಲ, ಹೇಗೆ ಧೈರ್ಯ ಬಂತು ಎಂದು ಕೇಳತೊಡಗಿದರು. ಅವನು ನಗುತ್ತ ಅಕ್ಕನ ಕಡೆ ಕೈ ತೋರಿಸಿದ. ವರ್ನೆಲ್ ಕೈ ಒರೆಸಿಕೊಂಡು ಮುಂದೆ ಬಂದಳು.

"ಕೋಚ್‌ಗೆ ಗಂಟಲು ಕಟ್ಟಿದೆ. ಕೇಳೋದಿದ್ರೆ ನನ್ನ ಕೇಳಿ," ಎಂದಳು.